ಜೋಡಿ ಕಾರ್ಡುಗಳ ಕಾಲ: ಒಂದು ಪೈಪೋಟಿಯ ಇತಿಹಾಸ

1998ರಲ್ಲಿ ಅಮೆರಿಕದ ತ್ರೀಡಿಎಫ್ಎಕ್ಸ್ ಸಂಸ್ಥೆಯು ವೂಡೂ 2 ಎಂಬ ಗ್ರಾಫಿಕ್ಸ್ ಕಾರ್ಡನ್ನು ಹೊರತಂದಿತು. ಒಂದೇ ಕಂಪ್ಯೂಟರಿನಲ್ಲಿ ಇಂತಹ ಎರಡು ಕಾರ್ಡುಗಳನ್ನು ಜೋಡಿಸಬಹುದಿತ್ತು. ಪರದೆಯ ಬೆಸ ಸಾಲುಗಳನ್ನು ಒಂದು ಬರೆದರೆ ಸಮ ಸಾಲುಗಳನ್ನು ಇನ್ನೊಂದು ಬರೆಯುತ್ತಿತ್ತು. ಈ ಏರ್ಪಾಟಿಗೆ ಎಸ್ಎಲ್ಐ ಎಂದು ಹೆಸರು. ಒಂಟಿ ಕಾರ್ಡಿನ ಮಿತಿ 800×600 ಚುಕ್ಕೆಗಳಾದರೆ ಜೋಡಿಯು 1024×768ನ್ನು ಮುಟ್ಟುತ್ತಿತ್ತು. ಆದರೆ ವೂಡೂ 2 ಮೂರು ಆಯಾಮದ ಚಿತ್ರವನ್ನಷ್ಟೇ ಬಲ್ಲದ್ದು. ನಿತ್ಯದ ಪರದೆಗೆ ಬೇರೊಂದು ಕಾರ್ಡು ಬೇಕೇ ಬೇಕು. ಹೀಗೆ ಜೋಡಿಯೆಂದರೆ ವಾಸ್ತವದಲ್ಲಿ ಮೂರು ಕಾರ್ಡುಗಳ ಖರ್ಚು.

1993ರಲ್ಲಿ ಸ್ಥಾಪನೆಗೊಂಡ ಎನ್ವಿಡಿಯಾ ಬೇರೆ ದಾರಿ ಹಿಡಿಯಿತು. 1997ರ ರಿವಾ 128 ಎರಡೂ ಬಗೆಯ ಕೆಲಸವನ್ನು ಒಂದೇ ಚಿಪ್ಪಿನಲ್ಲಿ ಮಾಡಿತು. 1999ರಲ್ಲಿ ಜೀಫೋರ್ಸ್ 256 ಬಂದಿತು. ಇತ್ತ ತ್ರೀಡಿಎಫ್ಎಕ್ಸ್, ಎಸ್‌ಟಿಬಿ ಎಂಬ ಕಾರ್ಡು ತಯಾರಕ ಸಂಸ್ಥೆಯನ್ನು ಕೊಂಡು ತಾನೇ ಕಾರ್ಡು ಮಾರತೊಡಗಿತು. ಅದುವರೆಗೆ ಅದರ ಚಿಪ್ಪು ಕೊಳ್ಳುತ್ತಿದ್ದ ಇತರ ತಯಾರಕರು ಎದುರಾಳಿಯ ಕಡೆಗೆ ತಿರುಗಿದರು. 2000ದ ಕೊನೆಗೆ ತ್ರೀಡಿಎಫ್ಎಕ್ಸ್ ತನ್ನ ಮುಖ್ಯ ಆಸ್ತಿಯನ್ನು ಎನ್ವಿಡಿಯಾಕ್ಕೇ ಮಾರಲು ಒಪ್ಪಿತು.

2004ರಲ್ಲಿ ಎನ್ವಿಡಿಯಾ ಎಸ್ಎಲ್ಐ ಎಂಬ ಹಳೆಯ ಹೆಸರಿಗೆ ಹೊಸ ಅರ್ಥ ಕೊಟ್ಟು ಜೋಡಿಯನ್ನು ಮರಳಿ ತಂದಿತು. ಮರುವರ್ಷ ಕೆನಡಾದ ಎಟಿಐ ಕ್ರಾಸ್‌ಫೈರ್‌ನೊಂದಿಗೆ ಉತ್ತರಿಸಿತು. 2006ರಲ್ಲಿ ಎಎಂಡಿ ಆ ಸಂಸ್ಥೆಯನ್ನು ಕೊಂಡಿತು. ಈಗ ಬಹುಮಟ್ಟಿಗೆ ಸಾಲುಗಳ ಬದಲು ಚೌಕಟ್ಟುಗಳ ಹಂಚಿಕೆ: ಒಂದು ಚಿತ್ರ ಒಂದು ಕಾರ್ಡಿಗೆ, ಮುಂದಿನದು ಇನ್ನೊಂದಕ್ಕೆ.

ಇದು ಹಣಕ್ಕೆ ತಕ್ಕದ್ದಾಗಿತ್ತೆ? ಲೆಕ್ಕ ಹಾಕಿ ನೋಡೋಣ. ಎರಡರ ಬೆಲೆ, ಎರಡರ ವಿದ್ಯುತ್ತು, ಎರಡರ ಕಾವು ಖಚಿತ. ಸ್ಮೃತಿ ಮಾತ್ರ ಕೂಡುತ್ತಿರಲಿಲ್ಲ. ಒಂದೇ ದೃಶ್ಯದ ಸಾಮಗ್ರಿಯನ್ನು ಎರಡೂ ಕಾರ್ಡುಗಳು ಹೊತ್ತಿರಬೇಕಾದ್ದರಿಂದ ನಾಲ್ಕು ಗಿಗಾಬೈಟಿನ ಎರಡು ಕಾರ್ಡುಗಳು ಆಟದ ಪಾಲಿಗೆ ನಾಲ್ಕು ಗಿಗಾಬೈಟೇ. ವೇಗವು ಕೆಲವು ಆಟಗಳಲ್ಲಿ ಇಮ್ಮಡಿಗೆ ಹತ್ತಿರ ಬಂದರೆ, ಡ್ರೈವರ್ ಬೆಂಬಲವಿಲ್ಲದ ಆಟಗಳಲ್ಲಿ ಎರಡನೆಯ ಕಾರ್ಡು ಸುಮ್ಮನೆ ಕುಳಿತಿರುತ್ತಿತ್ತು. ಸರಾಸರಿ ಅಂಕಿ ಚೆನ್ನಾಗಿದ್ದಾಗಲೂ ಚೌಕಟ್ಟುಗಳ ನಡುವಿನ ಅಂತರ ಏರುಪೇರಾಗಿ ಕಣ್ಣಿಗೆ ತಡವರಿಕೆ ಕಾಣುತ್ತಿತ್ತು. ಜೋಡೆತ್ತಿನ ಹೆಜ್ಜೆ ಕೂಡದಿದ್ದರೆ ಸಾಲು ನೆಟ್ಟಗಾಗದು.

ಮುಂದೆ ಆಟಗಳು ಹಿಂದಿನ ಚೌಕಟ್ಟಿನ ಮಾಹಿತಿಯನ್ನೇ ಮುಂದಿನದಕ್ಕೆ ಬಳಸತೊಡಗಿದವು. ಒಂದನ್ನೊಂದು ಕಾಯಬೇಕಾದ ಮೇಲೆ ಹಂಚಿಕೆಗೆ ಅರ್ಥವೇನು? 2015ರ ಡೈರೆಕ್ಟ್‌ಎಕ್ಸ್ 12 ಈ ಹೊಣೆಯ ಬಹುಪಾಲನ್ನು ಆಟ ಬರೆಯುವವರಿಗೆ ವಹಿಸಿತು. ಕೆಲವೇ ಗ್ರಾಹಕರಿಗಾಗಿ ಆ ದುಡಿಮೆಗೆ ಇಳಿದವರು ವಿರಳ. 2021ರಿಂದ ಹೊಸ ಎಸ್ಎಲ್ಐ ಡ್ರೈವರ್ ಪ್ರೊಫೈಲುಗಳನ್ನು ಸೇರಿಸುವುದಿಲ್ಲವೆಂದು ಎನ್ವಿಡಿಯಾ ಪ್ರಕಟಿಸಿತು. 2022ರ ಆರ್‌ಟಿಎಕ್ಸ್ 4090ರಲ್ಲಿ ಜೋಡಣೆಯ ಕಿಂಡಿಯೇ ಇಲ್ಲ.

ಆದರೆ ಜೋಡಣೆಯ ವಿಚಾರ ಸೋತಿತೆನ್ನಲಾಗದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಲ್ಲಿ ಇಂದು ಸಾವಿರಾರು ಚಿಪ್ಪುಗಳು ಒಟ್ಟಾಗಿ ದುಡಿಯುತ್ತಿವೆ. ಅಲ್ಲಿಯ ಲೆಕ್ಕವನ್ನು ತುಂಡು ಮಾಡಿ ಹಂಚಬಹುದು. ಸೆಕೆಂಡಿಗೆ ಅರವತ್ತು ಚಿತ್ರಗಳನ್ನು ತಪ್ಪದೆ ಒಪ್ಪಿಸುವ ಕಟ್ಟುಪಾಡಿಲ್ಲ. ಆದ್ದರಿಂದ ಎರಡು ಕಾರ್ಡು ಬೇಕೆ ಎಂಬ ಪ್ರಶ್ನೆಗೆ ಉತ್ತರ ಕಾರ್ಡಿನಲ್ಲಿಲ್ಲ, ಕೆಲಸದ ಸ್ವರೂಪದಲ್ಲಿದೆ. ಆಟಕ್ಕಾದರೆ ಒಂದೇ ಒಳ್ಳೆಯ ಕಾರ್ಡು ಸಾಕು. ಅಂಗಡಿಯಲ್ಲಿ ವೇಗದ ಪಟ್ಟಿಯ ತುತ್ತತುದಿಯನ್ನು ತೋರಿಸುವಾಗ, ಆ ತುದಿ ತಯಾರಕರ ಪೈಪೋಟಿಗೆ ಬೇಕಾದದ್ದೋ ನಮಗೆ ಬೇಕಾದದ್ದೋ ಎಂದು ಮೊದಲು ಕೇಳಿಕೊಳ್ಳುವುದು ಲೇಸು.