ಹಳೆಯ ಕುರ್ಚಿಗೆ ಹೊಸ ಬೆತ್ತ: ನನೆಗುದಿಗೆ ಬಿದ್ದ ಹೆಣಿಗೆಯನ್ನು ಪೂರ್ಣಗೊಳಿಸುವ ಬಗೆ

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ ಹಾಗೂ ಸೇಡಂ ಪಟ್ಟಣಗಳನ್ನು ರೈಲು ಮಾರ್ಗ ಒಂದಕ್ಕೊಂದು ಬೆಸೆದಿದೆ. 1871ರಲ್ಲಿ ಮುಂಬೈ-ಮದ್ರಾಸ್ ಮಾರ್ಗ ಪೂರ್ಣಗೊಂಡರೆ, 1874ರಲ್ಲಿ ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮರ ರೈಲು ಓಡಿತು. ಅಂದಿನ ರೈಲು ನಿಲ್ದಾಣ, ಸರ್ಕಾರಿ ಕಚೇರಿಗಳಲ್ಲಿ ಬೆತ್ತದ ಆಸನದ ಕುರ್ಚಿ ಸಾಮಾನ್ಯವಾಗಿತ್ತು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಸೀಮೆಗೆ ಗಾಳಿಯಾಡುವ ಆಸನ ಹೇಳಿ ಮಾಡಿಸಿದಂತಿದೆ.

ಆಸನ ಹರಿದ ಕುರ್ಚಿ ಅಟ್ಟ ಸೇರಿ ವರ್ಷಗಟ್ಟಲೆ ಉಳಿಯಲು ಕಚ್ಚಾವಸ್ತುವಿನ ಅಭಾವವೂ ಒಂದು ಕಾರಣ. ಬೆತ್ತವು ತಾಳೆ ಕುಟುಂಬಕ್ಕೆ ಸೇರಿದ ಮುಳ್ಳುಬಳ್ಳಿ. ಪಶ್ಚಿಮ ಘಟ್ಟದಂತಹ ತೇವಭರಿತ ಕಾಡು ಅದರ ನೆಲೆ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿಯ ಕಾಡು ಎಲೆ ಉದುರುವ ಒಣ ಕಾಡು. ಹೀಗಾಗಿ ಬೆತ್ತದ ಎಳೆ ಹೊರಗಿನಿಂದಲೇ ಬರಬೇಕು. ಬುಟ್ಟಿ, ಮೊರ ಹೆಣೆಯುವ ಮೇದಾರರ ಬಿದಿರಿನ ಕಸುಬಿಗೂ ಕುರ್ಚಿ ಹೆಣಿಗೆಗೂ ವ್ಯತ್ಯಾಸವಿದೆ. ಹೆಣಿಗೆ ಕೈಸ್ಪರ್ಶದಿಂದಲೇ ಸಾಗುವುದರಿಂದ ದೃಷ್ಟಿಹೀನರಿಗೆ ಇದರ ತರಬೇತಿ ನೀಡುವ ಪದ್ಧತಿ ದೇಶದಲ್ಲಿ ಬೆಳೆದು ಬಂದಿದೆ.

ಹಲಗೆ ಬಡಿದರೆ ಅಪಾಯ

ಹರಿದ ಆಸನದ ಮೇಲೆ ಹಲಗೆ ಇಟ್ಟು ಮೊಳೆ ಹೊಡೆಯುವುದು ಸುಲಭದ ಪರಿಹಾರದಂತೆ ಕಂಡರೂ ಕುರ್ಚಿಗೆ ಮಾರಕ. ಚೌಕಟ್ಟಿನ ಸುತ್ತಲಿನ ರಂಧ್ರಗಳು ಒಮ್ಮೆ ಸೀಳಿದರೆ ಮತ್ತೆ ಬೆತ್ತ ನಿಲ್ಲುವುದಿಲ್ಲ. ಬೆತ್ತ ಹರಿಯುತ್ತದೆ, ಬದಲಾಗುತ್ತದೆ, ಉಳಿಯಬೇಕಾದುದು ಚೌಕಟ್ಟು. ರಂಧ್ರಗಳ ಬದಲು ಸುತ್ತಲೂ ಗಾಡಿ ಇದ್ದರೆ ಅಂಥ ಕುರ್ಚಿಗೆ ಸಿದ್ಧ ಜಾಲರಿಯನ್ನು ಅಂಟಿಸಲಾಗುತ್ತದೆ.

ಏಳು ಹಂತ

ಹಳೆಯ ಎಳೆ ಕತ್ತರಿಸಿ, ದಬ್ಬಳದಿಂದ ರಂಧ್ರ ಶುಚಿಗೊಳಿಸಬೇಕು. ಹೊಸ ಎಳೆಯನ್ನು 15ರಿಂದ 20 ನಿಮಿಷ ನೀರಿನಲ್ಲಿ ನೆನೆಸಿ, ಹೊಳಪಿನ ಬದಿ ಮೇಲೆ ಬರುವಂತೆ ಹೆಣೆಯಬೇಕು. ಮೊದಲ ಹಂತದಲ್ಲಿ ಹಿಂದಿನಿಂದ ಮುಂದಕ್ಕೆ, ಎರಡನೆಯದರಲ್ಲಿ ಅದರ ಮೇಲೆ ಅಡ್ಡಲಾಗಿ, ಮೂರನೆಯದರಲ್ಲಿ ಮತ್ತೆ ಹಿಂದಿನಿಂದ ಮುಂದಕ್ಕೆ ಎಳೆ ಹಾಯಿಸಲಾಗುತ್ತದೆ. ನಾಲ್ಕನೆಯ ಹಂತದ ಅಡ್ಡ ಎಳೆ ಮೊದಲ ಹಂತದ ಎಳೆಯ ಕೆಳಗೂ ಮೂರನೆಯದರ ಮೇಲೂ ಸಾಗುತ್ತದೆ. ಐದು, ಆರನೆಯ ಹಂತಗಳಲ್ಲಿ ಎರಡು ದಿಕ್ಕಿನ ಓರೆ ಎಳೆಗಳು. ಕೊನೆಯದು ರಂಧ್ರಗಳನ್ನು ಮುಚ್ಚುವ ಅಂಚು. ಪ್ರತಿ ಎಳೆಯೂ ಬಿಗಿ ಸಡಿಲದಂತೆ ರಂಧ್ರದಲ್ಲಿ ಚಿಕ್ಕ ಗೂಟ ಸಿಕ್ಕಿಸಬೇಕು.

ನಿಲ್ಲಿಸಿದಲ್ಲಿಂದಲೇ ಮುಂದುವರಿಕೆ

ಕೆಲಸ ನಿಲ್ಲಿಸಬೇಕಾದರೆ ಒಂದು ಹಂತ ಮುಗಿಸಿ ನಿಲ್ಲಿಸುವುದು ಒಳಿತು. ಆಗ ಮುಂದಿನ ಹಂತವನ್ನು ತಿಂಗಳ ನಂತರವೂ ಗೊಂದಲವಿಲ್ಲದೆ ಆರಂಭಿಸಬಹುದು. ಒಣಗಿ ಗಡುಸಾದ ಎಳೆ ಮತ್ತೆ ನೆನೆಸಿದರೆ ಮೆದುವಾಗುತ್ತದೆ. ಹೆಣೆದ ಭಾಗಕ್ಕೂ ಒದ್ದೆ ಬಟ್ಟೆ ಹಾಸಬೇಕು. ಒಣ ಎಳೆಯನ್ನು ಬಲವಾಗಿ ಎಳೆದರೆ ತುಂಡಾಗುತ್ತದೆ. ಓರೆ ಎಳೆಗಳು ಪೂರ್ಣಗೊಳ್ಳದೆ ಆಸನದ ಮೇಲೆ ಕೂರಬಾರದು. ಭಾರ ತಡೆದು ಹಂಚುವಲ್ಲಿ ಅವುಗಳ ಪಾತ್ರ ದೊಡ್ಡದು.

ಅಂಚು ಕಟ್ಟಿದ ಬಳಿಕ ಆಸನ ಪೂರ್ತಿ ಒಣಗಲು ಬಿಡಬೇಕು. ಒಣಗುವಾಗ ಬೆತ್ತ ಕುಗ್ಗಿ ಹೆಣಿಗೆ ಬಿಗಿಯಾಗುತ್ತದೆ. ಮುಂದೆ ಆಸನ ಜೋತುಬಿದ್ದರೂ ಎಳೆ ತುಂಡಾಗಿರದಿದ್ದರೆ, ಕೆಳಭಾಗಕ್ಕೆ ಬಿಸಿನೀರಿನ ಬಟ್ಟೆ ಒತ್ತಿ ರಾತ್ರಿಯಿಡೀ ಒಣಗಲು ಬಿಟ್ಟರೆ ಬಿಗಿ ಬಹುಪಾಲು ಮರಳುತ್ತದೆ.