ಮೆರಿ ಕ್ರಿಸ್‌ಮಸ್

ಅಮೆರಿಕದ ಪಾಪ್ ಗಾಯಕಿ ಮರಾಯಾ ಕೇರಿ ಹಾಡಿರುವ ಕ್ರಿಸ್‌ಮಸ್ ಗೀತೆಗಳ ಧ್ವನಿಸಂಪುಟ. ಆಕೆಯ ನಾಲ್ಕನೆಯ ಸ್ಟುಡಿಯೋ ಆಲ್ಬಂ. 1994ರ ಹಬ್ಬದ ಋತುವಿಗೆ ಕೊಲಂಬಿಯಾ ರೆಕಾರ್ಡ್ಸ್ ಬಿಡುಗಡೆ ಮಾಡಿತು. ಗಾಯಕಿಯೊಂದಿಗೆ ವಾಲ್ಟರ್ ಅಫನಾಸಿಯೆಫ್ ಮುಖ್ಯ ನಿರ್ಮಾಪಕ. ಹಬ್ಬದ ಆಲ್ಬಂ ಎಂದರೆ ಹಳಬರಾದ ಗಾಯಕರ ಕೆಲಸ ಎಂಬ ಭಾವನೆಯಿದ್ದ ಕಾಲದಲ್ಲಿ, ಖ್ಯಾತಿಯ ಉತ್ತುಂಗದಲ್ಲಿದ್ದ ಗಾಯಕಿ ಇದಕ್ಕೆ ಕೈಹಾಕಿದ್ದು ಗಮನಾರ್ಹ.

1818ರಲ್ಲಿ ಆಸ್ಟ್ರಿಯದಲ್ಲಿ ಮೊದಲು ಹಾಡಲಾದ ‘ಸೈಲೆಂಟ್ ನೈಟ್’ ಮೊದಲಾದ ಹಳೆಯ ಗೀತೆಗಳನ್ನು ಇಲ್ಲಿ ಗಾಸ್ಪೆಲ್ ಶೈಲಿಯ ವೃಂದಗಾನದೊಂದಿಗೆ ಹಾಡಲಾಗಿದೆ. ಹೊಸ ರಚನೆಗಳು ಮೂರು. ಅವುಗಳಲ್ಲಿ ‘ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ’ ಅತಿ ಪ್ರಸಿದ್ಧ: ಕಿರುಗಂಟೆಗಳಂಥ ನಾದದಿಂದ ಆರಂಭವಾಗಿ, ಗಾಯಕಿಯ ನಿಧಾನ ಆಲಾಪದ ನಂತರ ಒಮ್ಮೆಲೇ ದ್ರುತಗತಿಗೆ ಏರುತ್ತದೆ. ವಾದ್ಯಧ್ವನಿಗಳು ಬಹುಮಟ್ಟಿಗೆ ಅಫನಾಸಿಯೆಫ್ ಕಂಪ್ಯೂಟರಿನಲ್ಲಿ ಅಳವಡಿಸಿದವು. ಆದರೂ 1960ರ ದಶಕದ ವಾದ್ಯಮೇಳದ ತುಂಬುದನಿ ಕೇಳಿಸುವುದು ಇದರ ನಿಜವಾದ ಹೆಚ್ಚುಗಾರಿಕೆ.

ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ 200 ಆಲ್ಬಂ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೇರಿತು. ‘ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ’ ಹಾಡು ಅಮೆರಿಕದಲ್ಲಿ ಆಗ ಬಿಡಿಯಾಗಿ ಮಾರಾಟಕ್ಕೆ ಬರಲಿಲ್ಲ; ಹಾಗಾಗಿ ಅಂದಿನ ನಿಯಮದಂತೆ ಬಿಡಿ ಹಾಡುಗಳ ಹಾಟ್ 100 ಪಟ್ಟಿಗೆ ಅರ್ಹವಾಗಲಿಲ್ಲ. ನಿಯಮ ಬದಲಾಗಿ, ಸ್ಟ್ರೀಮಿಂಗ್ ಬೆಳೆದ ಮೇಲೆ 2019ರ ಡಿಸೆಂಬರಿನಲ್ಲಿ ಅಲ್ಲಿ ಮೊದಲ ಸ್ಥಾನ ಪಡೆಯಿತು, ಬ್ರಿಟನ್ನಿನಲ್ಲಿ 2020ರಲ್ಲಿ. ಕೇರಿಯ ಎರಡನೆಯ ಕ್ರಿಸ್‌ಮಸ್ ಆಲ್ಬಂ ‘ಮೆರಿ ಕ್ರಿಸ್‌ಮಸ್ ಟು ಯೂ’ 2010ರಲ್ಲಿ ಹೊರಬಂತು.