ಇಲ್ಲದ ಊರು ಕಟ್ಟಿದವರು

ಪೌರಾಣಿಕ ಸಿನಿಮಾ, ವಿಡಿಯೊ ಗೇಮ್, ಕಾಮಿಕ್ಸ್, ಕಾದಂಬರಿಯ ಮುಖಪುಟ, ಯಾವುದನ್ನೇ ತೆಗೆದುಕೊಳ್ಳಿ, ನಾಯಕನ ಬೆನ್ನ ಹಿಂದೆ ಒಂದು ಊರು ನಿಂತಿರುತ್ತದೆ. ಯಾವ ಭೂಪಟದಲ್ಲೂ ಇಲ್ಲದ ಆ ಊರನ್ನು ನೋಡುಗ ನಂಬದಿದ್ದರೆ ಕಥೆಯನ್ನೂ ನಂಬುವುದಿಲ್ಲ. ಇಂಥ ಹಿನ್ನೆಲೆಗಳನ್ನು ಬರೆಯುವ ಕಲೆ ಐದಾರು ಶತಮಾನಗಳಲ್ಲಿ ನಡೆದುಬಂದ ದಾರಿಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಇಲ್ಲದ ಕಟ್ಟಡವನ್ನು ಚೆನ್ನಾಗಿ ಬರೆದವರು ಇರುವ ಕಟ್ಟಡಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು.

ದೂರ ಹೋದಂತೆ ಗೆರೆಗಳು ಒಂದು ಬಿಂದುವಿನಲ್ಲಿ ಸೇರುವಂತೆ ಕಾಣುತ್ತವೆ ಎಂಬ ಯಥಾದರ್ಶನದ ಲೆಕ್ಕವನ್ನು 1435ರಲ್ಲಿ ಇಟಲಿಯ ಆಲ್ಬರ್ಟಿ ಬರಹಕ್ಕೆ ಇಳಿಸಿದ. ಅಲ್ಲಿಂದ ಮುಂದೆ ಕಾಗದದ ಮೇಲೆ ಅಳತೆಬದ್ಧ ಊರುಗಳು ಎದ್ದವು. ಆದರೆ ಲೆಕ್ಕವೊಂದರಿಂದಲೇ ಊರಿಗೆ ಜೀವ ಬರಲಿಲ್ಲ. 1563ರಲ್ಲಿ ಬ್ರೂಗೆಲ್ ಬರೆದ 'ಬಾಬೆಲ್ ಗೋಪುರ' ಮೋಡ ಮುಟ್ಟುವ ಅಸಾಧ್ಯ ಕಟ್ಟಡ. ಅದರ ಕಮಾನುಗಳ ಸಾಲು ಮಾತ್ರ ರೋಮಿನ ಕೊಲೋಸಿಯಂನದು. ಇಟಲಿಗೆ ಹೋಗಿ ಬಂದಿದ್ದ ಚಿತ್ರಕಾರ ಅದನ್ನು ಮರೆತಿರಲಿಲ್ಲ. ಭಾರ ಎತ್ತುವ ಯಂತ್ರಗಳು, ಕಲ್ಲುಕುಟಿಗರು, ಸಾಮಾನು ತಂದಿಳಿಸುವ ಹಡಗುಗಳು ಎಲ್ಲವೂ ಅಲ್ಲಿವೆ. ಗೋಪುರವನ್ನು ಹೇಗೆ ಕಟ್ಟಲಾಗುತ್ತಿದೆ ಎಂಬುದು ಕಾಣುವುದರಿಂದಲೇ ಅದು ನಂಬಿಕೆಗೆ ಬರುತ್ತದೆ.

ನಮ್ಮ ಚಿಕಣಿ ಚಿತ್ರಕಲೆಯ ಪರಂಪರೆ ಬೇರೆ ದಾರಿ ಹಿಡಿಯಿತು. 1649ರಿಂದ 1653ರ ನಡುವೆ ಮೇವಾಡದ ರಾಣಾ ಜಗತ್ ಸಿಂಹನಿಗಾಗಿ ಸಿದ್ಧವಾದ ರಾಮಾಯಣದಲ್ಲಿ ಸಾಹಿಬ್‌ದೀನ್ ಬರೆದ ಲಂಕೆ ಹೊನ್ನಿನ ಕೋಟೆ. ಅಂಗಳ ಮೇಲಿಂದ ಕಂಡರೆ ಗೋಡೆ ಎದುರಿನಿಂದ ಕಾಣುತ್ತದೆ; ಒಂದೇ ಚಿತ್ರದಲ್ಲಿ ಹಲವು ಪ್ರಸಂಗ ನಡೆಯುತ್ತವೆ. ಕಣ್ಣಿಗೆ ಕಂಡಷ್ಟನ್ನಲ್ಲ, ಕಥೆಗೆ ಬೇಕಾದಷ್ಟನ್ನು ತೋರಿಸುವ ರೀತಿ ಇದು.

ಕಾಲ್ಪನಿಕ ನಗರಕ್ಕೆ ಭವ್ಯತೆ ತಂದುಕೊಟ್ಟದ್ದು ರಂಗಭೂಮಿ. ಮೊದಲೆಲ್ಲ ರಂಗದ ಬೀದಿ ನೋಡುಗನ ಎದುರಿಗೆ ನೇರವಾಗಿ ಚಾಚಿಕೊಂಡು ಕೊನೆಯಲ್ಲಿ ಕಿರಿದಾಗುತ್ತಿತ್ತು. ಇಟಲಿಯ ರಂಗವಿನ್ಯಾಸಕ ಫರ್ಡಿನಾಂಡೊ ಗಲ್ಲಿ ಬಿಬಿಯೆನಾ 1711ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಟ್ಟಡವನ್ನು ಓರೆಯಾಗಿ ತಿರುಗಿಸಿ, ಎರಡು ಬಿಂದುಗಳತ್ತ ಗೆರೆ ಎಳೆಯುವುದನ್ನು ವಿವರಿಸಿದ. ಅರಮನೆಯ ಒಂದು ಮೂಲೆ ಮಾತ್ರ ರಂಗದ ಮೇಲೆ. ಉಳಿದದ್ದು ಪಕ್ಕದ ಪರದೆಗಳಾಚೆಗೂ ಹಬ್ಬಿರಬೇಕೆಂದು ನೋಡುಗ ತಾನೇ ಊಹಿಸಿಕೊಳ್ಳುತ್ತಾನೆ. ಪೂರ್ತಿ ತೋರಿಸದೆ ದೊಡ್ಡದಾಗಿಸುವ ಈ ಉಪಾಯವನ್ನು ಇಂದಿನ ಕಲಾವಿದರೂ ಬಿಟ್ಟಿಲ್ಲ.

ಅದನ್ನು ತುತ್ತತುದಿಗೆ ಒಯ್ದವನು ಪಿರನೇಸಿ. ಕಲ್ಲುಕುಟಿಗನ ಮಗ, ವಾಸ್ತುಶಿಲ್ಪ ಕಲಿತವನು, ರೋಮಿನ ಪಾಳುಗಳನ್ನು ಅಳೆದು ಅಳೆದು ಬರೆದವನು. ಸುಮಾರು 1750ರಲ್ಲಿ ಅವನ 'ಕಾರಾಗೃಹಗಳು' ಎಂಬ 14 ಮುದ್ರಣಚಿತ್ರಗಳು ಬಂದವು. 1761ರಲ್ಲಿ ಅವನ್ನೇ ಮತ್ತಷ್ಟು ಕಪ್ಪಾಗಿಸಿ, ತಿದ್ದಿ, 16ಕ್ಕೆ ಏರಿಸಿದ. ಕಮಾನಿನ ಮೇಲೆ ಕಮಾನು, ಎಲ್ಲಿಗೂ ತಲುಪದ ಮೆಟ್ಟಿಲು, ರಾಟೆ, ಹಗ್ಗ, ಇರುವೆಯಷ್ಟು ಮನುಷ್ಯರು. ಅವನ ಕೈಯಿಂದ ನಿಜವಾಗಿ ಕಟ್ಟಡವಾಗಿ ಮೂಡಿದ್ದು ರೋಮಿನ ಒಂದು ಚರ್ಚು ಮಾತ್ರ. ಆದರೂ ಕತ್ತಲ ಕೋಟೆ ಬರೆಯುವ ಕಲಾವಿದರು ಇಂದಿಗೂ ಅವನ ಸಾಲಗಾರರು.

ಭಾರತದಲ್ಲೂ ಸಿನಿಮಾಗೆ ಊರು ಕಟ್ಟಿಕೊಟ್ಟದ್ದು ನಾಟಕದ ಪರದೆಯೇ. ಕಂಪನಿ ನಾಟಕಗಳಲ್ಲಿ ಅರಮನೆ, ಬೀದಿ, ಕಾಡು ಎಂದು ಬೇರೆ ಬೇರೆ ಪರದೆಗಳಿರುತ್ತಿದ್ದವು; ದೃಶ್ಯವೈಭವಕ್ಕೆ ಗುಬ್ಬಿ ಕಂಪನಿ ಹೆಸರಾಗಿತ್ತು. ಮರಾಠಿ ನಾಟಕಗಳಿಗೆ ಪರದೆ ಬರೆಯುತ್ತಿದ್ದ ಕೊಲ್ಹಾಪುರದ ಬಾಬುರಾವ್ ಪೇಂಟರ್ 1920ರಲ್ಲಿ 'ಸೈರಂಧ್ರಿ' ಚಿತ್ರ ತೆಗೆದರು. ಇನ್ನು ಮನೆಮನೆಯ ಮಕ್ಕಳಿಗೆ ಹಸ್ತಿನಾವತಿಯನ್ನು ತಲುಪಿಸಿದ್ದು 'ಚಂದಮಾಮ' ಪತ್ರಿಕೆ. ಅದರ ಮುಖಪುಟಗಳಿಗೆ ಎಂ.ಟಿ.ವಿ. ಆಚಾರ್ಯ ಮಹಾಭಾರತದ ಚಿತ್ರಗಳನ್ನು ಬರೆದರು.

ಕ್ಯಾಮೆರಾ ಬಂದ ಮೇಲೆ ಸವಾಲು ಬದಲಾಯಿತು. ಬರೆದ ಊರು, ನಡೆದಾಡುವ ನಟ ಎರಡೂ ಒಂದೇ ಚೌಕಟ್ಟಿನಲ್ಲಿ ಕೂರಬೇಕು. ನಾರ್ಮನ್ ಡಾನ್ 1907ರಲ್ಲಿ ಕ್ಯಾಮೆರಾದ ಮುಂದೆ ಗಾಜು ನಿಲ್ಲಿಸಿ, ಮುರಿದ ಕಟ್ಟಡದ ಕಾಣೆಯಾದ ಭಾಗವನ್ನು ಅದರ ಮೇಲೆ ಬರೆದ. ನ್ಯೂಯಾರ್ಕ್ ನೋಡಿ ಬಂದ ನಿರ್ದೇಶಕ ಫ್ರಿಟ್ಜ್ ಲಾಂಗ್ 1927ರ 'ಮೆಟ್ರೊಪೊಲಿಸ್'ನಲ್ಲಿ ಕನ್ನಡಿಯನ್ನು ಬಳಸಿದ: ಕನ್ನಡಿಯ ರಸವನ್ನು ಬೇಕಾದಲ್ಲಿ ಕೆರೆದು ತೆಗೆದರೆ, ತೆರವಿನಲ್ಲಿ ನಟರು, ಉಳಿದೆಡೆ ಪುಟ್ಟ ಮಾದರಿ ನಗರದ ಪ್ರತಿಬಿಂಬ. 1957ರ 'ಮಾಯಾಬಜಾರ್'ಗಾಗಿ ಮದ್ರಾಸಿನಲ್ಲಿ 50 ಅಡಿಗೆ 60 ಅಡಿಯ ಜಾಗದಲ್ಲಿ ಸುಮಾರು 300 ಪುಟ್ಟ ಮನೆಗಳ ದ್ವಾರಕೆ ಎದ್ದಿತು. ಒಂದೊಂದು ಮನೆಗೂ ವಿದ್ಯುದ್ದೀಪ. ಅದನ್ನು ತೆರೆಗೆ ತಂದವರು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ.

ಈಚಿನ ಮೈಲಿಗಲ್ಲು 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಸರಣಿ. ಮೂಲ ಕಥೆಗಾರ ಟೋಲ್ಕಿನ್‌ರ ಪುಸ್ತಕಗಳಿಗೆ ಮೊದಲೇ ಚಿತ್ರ ಬರೆದಿದ್ದ ಅಲನ್ ಲೀ ಮತ್ತು ಜಾನ್ ಹೌ ಅವರನ್ನೇ ನ್ಯೂಜಿಲೆಂಡಿಗೆ ಕರೆಸಲಾಯಿತು. ಏಳು ಸುತ್ತಿನ ಮಿನಾಸ್ ತಿರಿತ್ ನಗರದ ಮಾದರಿಯನ್ನು 1:72 ಅಳತೆಯಲ್ಲಿ ಕಟ್ಟಿದರು. ಜಪಾನಿನ ಅನಿಮೇಷನ್ ನಿರ್ದೇಶಕ ಮಿಯಾಜಾಕಿಯಂತೂ 1986ರ 'ಲಪುಟಾ' ಚಿತ್ರದ ಗಣಿ ಊರಿಗಾಗಿ ವೇಲ್ಸ್‌ನ ಗಣಿ ಪ್ರದೇಶವನ್ನು ಸುತ್ತಿ ಬಂದರು. ತೇಲುವ ಕೋಟೆಯ ಕಥೆಗೂ ಅವರಿಗೆ ನೆಲದ ಊರು ಬೇಕಾಯಿತು.

ಈಗ ಗಾಜು, ಕುಂಚ ಮೂಲೆ ಸೇರಿವೆ. ಬ್ಲೆಂಡರ್‌ನಂಥ ಉಚಿತ ತಂತ್ರಾಂಶ ಯಥಾದರ್ಶನದ ಲೆಕ್ಕವನ್ನು ತಾನೇ ಮಾಡುತ್ತದೆ. ಎಐ ನಿಮಿಷದಲ್ಲಿ ಕೋಟೆಗಳ ರಾಶಿ ಹಾಕುತ್ತದೆ. ಅವುಗಳಲ್ಲೂ ಮೆಟ್ಟಿಲುಗಳು ಎಲ್ಲಿಗೂ ತಲುಪದಿರುವುದುಂಟು. ವ್ಯತ್ಯಾಸವಿಷ್ಟೇ: ಪಿರನೇಸಿ ಬೇಕೆಂದೇ ಹಾಗೆ ಬರೆದ, ಯಂತ್ರಕ್ಕೆ ಅದು ಗೊತ್ತೇ ಇಲ್ಲ. ಊರಿಗೆ ನೀರು ಎಲ್ಲಿಂದ ಬರುತ್ತದೆ, ಗೋಡೆ ಯಾರ ಭಯಕ್ಕೆ ಎದ್ದಿತು, ಗುಮ್ಮಟದ ಭಾರ ಯಾವುದರ ಮೇಲೆ ಕೂತಿದೆ ಎಂಬ ಪ್ರಶ್ನೆಗಳನ್ನು ಬರೆಯುವವನೇ ಕೇಳಿಕೊಳ್ಳಬೇಕು.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕನ್ನಡದ ಎಳೆಯ ಕಲಾವಿದರು ದೂರ ಹೋಗಬೇಕಿಲ್ಲ. ಹಂಪಿಯ ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ಕಾಲುವೆ, ಚಿತ್ರದುರ್ಗದ ಕೋಟೆಯ ತಿರುವು ತಿರುವಿನ ಬಾಗಿಲುಗಳು, ಚೌಕ ಕೋಣೆಯ ಮೇಲೆ ದುಂಡು ಗುಮ್ಮಟವನ್ನು ಹೊತ್ತ ಗೋಳಗುಮ್ಮಟದ ಕಮಾನುಗಳು ಇಲ್ಲೇ ಇವೆ. ಫೋಟೊ ತೆಗೆದು ಬಂದರೆ ಸಾಲದು. ಕೂತು ಬರೆಯಿರಿ, ಅಳತೆ ಹಾಕಿ. ಇಲ್ಲದ ಊರು ಕಟ್ಟುವ ಕೆಲಸವನ್ನು ಆಮೇಲೆ ಶುರುಮಾಡಿ.